ಸೇತುವೆ ಎಂದರೆ ಎಲ್ಲಿಂದ ಎಲ್ಲಿವರೆಗೆ?

ಮಳೆಗಾಲ ಬಂತೆಂದರೆ 'ಸೇತುವೆ ಕೊಚ್ಚಿಹೋಯಿತು' ಎಂಬ ಸುದ್ದಿ ಶುರು. ಜೊತೆಗಿನ ಫೋಟೊ ನೋಡಿದರೆ ಎಷ್ಟೋ ಸಲ ಕಂಬಗಳು ನಿಂತೇ ಇರುತ್ತವೆ, ಮೇಲಿನ ಸ್ಲ್ಯಾಬೂ ಗಟ್ಟಿಯಾಗಿರುತ್ತದೆ. ಹೋಗಿರುವುದು ಅದರ ತುದಿಗೆ ಮಣ್ಣು ಪೇರಿಸಿ ಮಾಡಿದ ರಸ್ತೆ. ಅದಕ್ಕೆ ಏರಿ ಎಂಬ ಚೆಂದದ ಪದ ಇದೆ. ಬಳಸಬಹುದಲ್ವಾ?

ಗೊಂದಲದ ಬೇರು ಹಳೆಯದು. 'ಸೇತು' ಸಂಸ್ಕೃತದ 'ಸಿ' ಧಾತುವಿನಿಂದ ಬಂದದ್ದು. ಅದರ ಅರ್ಥ ಕಟ್ಟು, ಬಿಗಿ. ಹಿಂದೆ ಸೇತು ಅಂದರೆ ಒಡ್ಡು, ಕಟ್ಟೆ, ಹೊಲದ ಬದು ಕೂಡ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೀರಾವರಿಯ ಕಟ್ಟೆ ಕೆಲಸಕ್ಕೂ ಇದೇ ಪದ. ರಾಮನ ಸೇತುವನ್ನೇ ನೆನೆಸಿಕೊಳ್ಳಿ: ಕಪಿಗಳು ಬಂಡೆ, ಮರ ತುಂಬಿ ಎತ್ತಿದ ಒಡ್ಡು. ಕಂಬವಿಲ್ಲ, ಕಮಾನಿಲ್ಲ.

ಮಲೆನಾಡು, ಕರಾವಳಿಯಲ್ಲಿ ಇನ್ನೊಂದು ಪದ ಉಳಿದಿದೆ: ಸಂಕ. ಇದು 'ಸಂಕ್ರಮ'ದಿಂದ ಬಂದದ್ದು, ಅಂದರೆ ದಾಟುವುದು. ಸಂಕ್ರಾಂತಿಯೂ ಇದೇ ಮನೆಯ ಪದ. ಹಳ್ಳದ ಮೇಲೆ ಎರಡು ಅಡಿಕೆ ಮರ ಹಾಸಿದರೆ ಸಂಕ ಆಯಿತು. ನೀರು ತನ್ನ ಪಾಡಿಗೆ ಕೆಳಗೆ ಹರಿಯುತ್ತದೆ.

ನಾವೀಗ ಸೇತುವೆ ಎನ್ನುವುದು ಸಂಕದ ಕೆಲಸ ಮಾಡುತ್ತದೆ. ಅದರ ಪಕ್ಕದ ಏರಿ ಮಾತ್ರ ಹಳೆಯ ಸೇತುವಿನ ಕೆಲಸವನ್ನೇ ಮಾಡುತ್ತದೆ: ನೀರನ್ನು ಕಟ್ಟಿಹಾಕುತ್ತದೆ.

ಕೃಷ್ಣೆಯ ಬಯಲಲ್ಲಿ ಇದು ಸಣ್ಣ ಮಾತಲ್ಲ. 2005, 2009, 2019, 2021ರಲ್ಲಿ ಆ ಸೀಮೆ ನೆರೆ ಕಂಡಿದೆ. ನೆರೆ ಬಂದಾಗ ನದಿ ದಂಡೆ ದಾಟಿ ಹೊಲಗಳ ಮೇಲೆ ಹರಡುತ್ತದೆ. ಸೇತುವೆ ಇರುವುದು ನದಿಪಾತ್ರದ ಅಗಲಕ್ಕೆ ಮಾತ್ರ, ಉಳಿದ ಬಯಲಿಗೆ ಅಡ್ಡಲಾಗಿ ಏರಿ. ಹರಡಿದ ನೀರೆಲ್ಲ ಆ ಒಂದು ಕಿಂಡಿಯಲ್ಲೇ ನುಸುಳಬೇಕು. ಮೇಲಿನ ಊರುಗಳ ಕಡೆ ನೀರು ಏರುತ್ತದೆ. ಕಿಂಡಿಯಲ್ಲಿ ಸೆಳೆತ ಜಾಸ್ತಿಯಾಗಿ ಕಂಬದ ಬುಡದ ಮಣ್ಣು ಕೊರೆಯುತ್ತದೆ. ಏರಿಯ ಮೇಲೆ ಹರಿದರೆ ಆಚೆ ಇಳಿಜಾರು ಕಿತ್ತುಹೋಗುತ್ತದೆ.

ಹೀಗಿದ್ದೂ ಪ್ರತಿ ನೆರೆಯ ನಂತರ ಕೇಳುವ ಮಾತು 'ರಸ್ತೆ ಎತ್ತರಿಸಿ'. ಊರವರ ಕಷ್ಟ ನಿಜ, ಆಸ್ಪತ್ರೆಗೆ ದಾರಿ ಬೇಕೇ ಬೇಕು. ಆದರೆ ಸುಮ್ನೆ ಮಣ್ಣು ಪೇರಿಸಿದರೆ ಅದು ಅಣೆಕಟ್ಟೇ. ಎತ್ತರದ ಜೊತೆಗೆ ಏರಿಯುದ್ದಕ್ಕೂ ಸಾಕಷ್ಟು ಕಿಂಡಿ ಬೇಕು, ಇಳಿಜಾರಿಗೆ ಕಲ್ಲಿನ ಪಿಚಿಂಗ್, ಅಂದರೆ ಮಣ್ಣು ಕೊಚ್ಚದಂತೆ ಕಲ್ಲಿನ ಹೊದಿಕೆ ಬೇಕು.

ಕೃಷ್ಣೆಯ ಉಪನದಿ ದೂಧಗಂಗಾಗೆ ಅಡ್ಡಲಾಗಿರುವ ಮಲಿಕವಾಡ–ದತ್ತವಾಡ, ಕಾರದಗಾ–ಭೋಜ ಸೇತುವೆಗಳ ದಾರಿ ಬೇರೆ. ಅವು ಕೆಳಮಟ್ಟದವು, ಜೋರು ಮಳೆಗೆ ಮುಳುಗುತ್ತವೆ. ನೀರಿಳಿದ ಮೇಲೆ ಮತ್ತೆ ಓಡಾಟ. 'ಮುಳುಗಿತು' ಎಂದರೆ 'ಹಾಳಾಯಿತು' ಎಂದಲ್ಲ. ಇವೆರಡನ್ನೂ ಒಂದೇ ತಲೆಬರಹದಲ್ಲಿ ಕಲಸಬೇಡಿ.

ಎಂಜಿನಿಯರುಗಳ ಲೆಕ್ಕ ಸ್ಪಷ್ಟ. ಒಟ್ಟು ಉದ್ದ 6 ಮೀಟರ್ ಒಳಗಿದ್ದರೆ ಮೋರಿ. ಅದು ದಾಟಿದರೆ ಸಣ್ಣ ಸೇತುವೆ, 60 ಮೀಟರ್ ದಾಟಿದರೆ ದೊಡ್ಡದು. ಅಳತೆ ಹಿಡಿಯುವುದು ಎರಡು ತುದಿಯಲ್ಲಿ ಮಣ್ಣು ತಡೆಯುವ ಗೋಡೆಗಳ ನಡುವೆ. ಏರಿ ಆ ಗೋಡೆಗಳ ಆಚೆಗೆ ಉಳಿಯುತ್ತದೆ.