ಡಬ್ಬಿಯನ್ನು ಹಿಡಿದ ಕೈ

ಕಾಫಿಪುಡಿ ಡಬ್ಬಿಯ ಮುಚ್ಚಳ ತೆಗೆಯುವಾಗ ನಿಮ್ಮ ಕೈಗಳನ್ನು ಒಮ್ಮೆ ಗಮನಿಸಿ. ಒಂದು ಕೈ ತಿರುಗಿಸುತ್ತದೆ, ಇನ್ನೊಂದು ಡಬ್ಬಿ ಅಲುಗದಂತೆ ಹಿಡಿದಿರುತ್ತದೆ. ತಿರುಗಿಸುವ ಕೈಯದ್ದೇ ಕೆಲಸ ಅನ್ನಿಸುತ್ತದೆ, ಅಲ್ವಾ? ಹಿಡಿದ ಕೈಯನ್ನು ಬಿಟ್ಟು ನೋಡಿ.

ಲಕ್ವ ಹೊಡೆದಾಗ ಸಾಮಾನ್ಯವಾಗಿ ಒಂದು ಬದಿಯ ಕೈಕಾಲು ಸ್ವಾಧೀನ ತಪ್ಪುತ್ತವೆ. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ, ಬಲಭಾಗಕ್ಕಾದರೆ ಎಡಗೈ. ಆ ಕೈ ಎಷ್ಟು ಚೇತರಿಸಿಕೊಂಡಿದೆ ಎಂದು ಅಳೆಯಲು ತುಂಬಾ ಬಳಕೆಯಲ್ಲಿರುವುದು 1975ರಲ್ಲಿ ಸ್ವೀಡನ್‌ನಲ್ಲಿ ಹುಟ್ಟಿದ ಫುಗಲ್-ಮೇಯರ್ ಪರೀಕ್ಷೆ. ಭುಜ ಎತ್ತಿ, ಮೊಣಕೈ ಮಡಚಿ, ಮಣಿಕಟ್ಟು ತಿರುಗಿಸಿ ಎನ್ನುತ್ತಾರೆ. ಕೈಯ ಚಲನೆಗೆ ಒಟ್ಟು 66 ಅಂಕ. ಒಳ್ಳೆಯ ಪರೀಕ್ಷೆಯೇ. ಆದರೆ ಮನೆಯಲ್ಲಿ ಯಾರೂ ಸುಮ್ನೆ ಮೊಣಕೈ ಮಡಚುವುದಿಲ್ಲ. ಲೋಟವನ್ನು ಬಾಯಿಗೆ ತರಲು ಮಡಚುತ್ತಾರೆ.

ಕೆನಡಾದ ಹ್ಯಾಮಿಲ್ಟನ್‌ನಲ್ಲಿ ರೂಪುಗೊಂಡ ಚೆಡೋಕ್ ಪರೀಕ್ಷೆ ನನಗೆ ಇಷ್ಟವಾಗುವುದು ಇದಕ್ಕೇ. ಅದರಲ್ಲಿರುವುದು 13 ಮನೆಗೆಲಸಗಳು, ಎಲ್ಲವೂ ಎರಡು ಕೈ ಬೇಡುವಂಥವು. ಕಾಫಿ ಡಬ್ಬಿ ತೆಗೆಯುವುದು, ಬ್ರಷ್‌ಗೆ ಪೇಸ್ಟ್ ಹಾಕುವುದು, ಒದ್ದೆ ಬಟ್ಟೆ ಹಿಂಡುವುದು, ಕನ್ನಡಕ ಒರೆಸುವುದು, ಐದು ಗುಂಡಿ ಹಾಕುವುದು, ಚೀಲ ಹಿಡಿದು ಮೆಟ್ಟಿಲು ಹತ್ತುವುದು. ಪ್ರತಿ ಕೆಲಸಕ್ಕೂ 1ರಿಂದ 7 ಅಂಕ. ಸೋತ ಕೈಯ ಪಾಲು ಕಾಲು ಭಾಗಕ್ಕಿಂತ ಕಡಿಮೆಯಾದರೆ 1. ಯಾರ ಸಹಾಯವೂ ಇಲ್ಲದೆ, ಸುರಕ್ಷಿತವಾಗಿ, ಹೊತ್ತಿಗೆ ಸರಿಯಾಗಿ ಮುಗಿಸಿದರೆ 7. ಪೂರ್ತಿ ಅಂಕ 91. ಸೋತ ಕೈಯೇ ಮುಚ್ಚಳ ತಿರುಗಿಸಬೇಕು ಅಂತಿಲ್ಲ. ಡಬ್ಬಿಯನ್ನು ಗಟ್ಟಿಯಾಗಿ ಹಿಡಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಇದು ಕೆನಡಾದ ಮನೆಯ ಪಟ್ಟಿ, ನಿಜ. ಸೀರೆಯ ನೆರಿಗೆ ಹಿಡಿಯುವುದು ಇದರಲ್ಲಿಲ್ಲ. ಬಲಗೈ ಸೋತವರಿಗೆ ಅನ್ನ ಕಲಸಿ ತುತ್ತು ಮಾಡಲಾಗದ ಸಂಕಟ ಎಷ್ಟು ದೊಡ್ಡದು ಎಂದು ನಮ್ಮವರಿಗೆ ಬೇರೆ ಹೇಳಬೇಕಿಲ್ಲ. ನಮ್ಮಲ್ಲಿ ಪರೀಕ್ಷಿಸುವವರು ಇವನ್ನೂ ಕೇಳಬೇಕು.

ಇನ್ನೊಂದು ತೊಡಕಿದೆ. ಥೆರಪಿಸ್ಟ್ ಎದುರು ಗುಂಡಿ ಹಾಕಿದ ಕೈ ಮನೆಯಲ್ಲಿ ಮಡಿಲಲ್ಲೇ ಮಲಗಿರಬಹುದು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಇದನ್ನು ಮೊದಲು ಕಂಡಿದ್ದು ಕೋತಿಗಳಲ್ಲಿ. ಒಂದು ಕೈಯ ಸಂವೇದನೆಯ ನರ ಕತ್ತರಿಸಿದಾಗ ಕೋತಿ ಆ ಕೈಯನ್ನು ಬಳಸುವುದನ್ನೇ ಬಿಟ್ಟಿತು. ಸರಿಯಿದ್ದ ಕೈಯನ್ನು ಕಟ್ಟಿಹಾಕಿದರೆ ಮತ್ತೆ ಬಳಸಿತು. ಕೈಗೆ ಶಕ್ತಿ ಇತ್ತು, ಬಳಸುವ ಅಭ್ಯಾಸ ತಪ್ಪಿಹೋಗಿತ್ತು. ಲಕ್ವದ ರೋಗಿಗಳ ಸರಿಯಿರುವ ಕೈಗೆ ದಪ್ಪ ಕೈಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆ ಹುಟ್ಟಿದ್ದು ಹೀಗೆ. 222 ರೋಗಿಗಳ ಮೇಲೆ ನಡೆದ ಎರಡು ವಾರಗಳ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಈ ಚಿಕಿತ್ಸೆ ಪಡೆದವರ ಕೈ ಹೆಚ್ಚು ಸುಧಾರಿಸಿತ್ತು.

ಮನೆಯಲ್ಲಿ ನಡೆಯುವುದನ್ನು ತಿಳಿಯಲು ಎರಡೂ ಮಣಿಕಟ್ಟಿಗೆ ಗಡಿಯಾರದಂಥ ಸೆನ್ಸರ್ ಕಟ್ಟಿ ಯಾವ ಕೈ ಎಷ್ಟು ಆಡಿತೆಂದು ಎಣಿಸಬಹುದು. ಅದಕ್ಕಿಂತ ಸರಳವಾದ ದಾರಿ, ಕೇಳುವುದು. ಕಳೆದ ವಾರ ಲೈಟಿನ ಸ್ವಿಚ್ಚನ್ನು ಸೋತ ಕೈಯಿಂದ ಹಾಕಿದಿರಾ? ಫ್ರಿಜ್ ಬಾಗಿಲು ತೆಗೆದಿರಾ? ಎಷ್ಟು ಚೆನ್ನಾಗಿ ಆಯಿತು? ಉತ್ತರಕ್ಕೆ 0ಯಿಂದ 5 ಅಂಕ. ಇದೇ ಪ್ರಶ್ನೆಗಳನ್ನು ಮನೆಯವರಿಗೂ ಕೇಳುತ್ತಾರೆ. ಆಸ್ಪತ್ರೆಗೆ ಹೊರಡುವ ಅವಸರದಲ್ಲಿ ಅಂಗಿಯ ಗುಂಡಿ ಹಾಕಿದ್ದು ಯಾರೆಂದು ಅವರಿಗೆ ಗೊತ್ತಿರುತ್ತದೆ.