‘ಬದುಕುಳಿದವರು’ ಎನ್ನುವ ಮೊದಲು

ಕಲಬುರಗಿಯಲ್ಲಿ ಕ್ಯಾನ್ಸರ್ ರೋಗಿಗಳ ಆಪ್ತಸಮಾಲೋಚಕಿಯಾಗಿರುವ ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಅಂದು ಫೆಬ್ರುವರಿ 4, ವಿಶ್ವ ಕ್ಯಾನ್ಸರ್ ದಿನ. ಆಳಂದ ಕಡೆಯ ಮಹಿಳೆಯೊಬ್ಬರನ್ನು ‘ಸ್ತನ ಕ್ಯಾನ್ಸರಿನಿಂದ ಬದುಕುಳಿದವರು’ ಎಂದು ವೇದಿಕೆಗೆ ಕರೆದೆ. ಬಂದರು, ಶಾಲು ಹೊದಿಸಿಕೊಂಡರು, ಮಾತನಾಡಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಪಕ್ಕಕ್ಕೆ ಕರೆದು ಹೇಳಿದರು: “ಬಸ್ ಉರುಳಿದಾಗ ಪೇಪರಿನಲ್ಲಿ ಹಾಗೆ ಬರೆಯುತ್ತಾರೆ ಮೇಡಂ. ನಾನಿನ್ನೂ ಬಸ್ಸಿನಲ್ಲೇ ಇದ್ದೇನೆ.”

ನಿಜವೇ. ಶಸ್ತ್ರಚಿಕಿತ್ಸೆ, ಕಿಮೊ, ಜನ ‘ಕರೆಂಟು’ ಎನ್ನುವ ವಿಕಿರಣ ಎಲ್ಲ ಮುಗಿದಿದ್ದರೂ ಅವರು 5 ವರ್ಷ ಹಾರ್ಮೋನ್ ಮಾತ್ರೆ ನುಂಗಬೇಕು. ‘ಉಳಿದವರು’ ಎಂದೊಡನೆ ಉಳಿಯದವರ ನೆನಪಾಗುತ್ತದೆ. ಎಲ್ಲ ಮುಗಿಯಿತು ಎಂಬ ಅರ್ಥವೂ ಬರುತ್ತದೆ. ಸ್ವತಃ ಕ್ಯಾನ್ಸರಿಗೆ ಒಳಗಾಗಿದ್ದ ಅಮೆರಿಕದ ವೈದ್ಯ ಫಿಟ್ಸ್‌ಹ್ಯೂ ಮುಲ್ಲನ್ 1985ರಲ್ಲಿ, ರೋಗ ಪತ್ತೆಯಾದಾಗಲೇ ಬದುಕುಳಿಯುವ ಹಾದಿ ಶುರುವಾಗುತ್ತದೆ ಎಂದು ಬರೆದರು. ಅಲ್ಲಿನ ‘ಸರ್ವೈವರ್’ ಪದ ಆ ಅರ್ಥವನ್ನೂ ಹೊತ್ತಿದೆ. ನಮ್ಮ ಭೂತಕಾಲದ ‘ಉಳಿದ’ ಎಂಬ ಪದದೊಳಗೆ ಆ ಅರ್ಥ ಹಿಡಿಯುವುದಿಲ್ಲ.

ಕ್ಯಾನ್ಸರ್ ರೋಗಿಗಳನ್ನು ‘ಯೋಧ’ ಎಂದು ಕರೆಯುವುದೂ ಉಂಟು. ಆ ಪದದಿಂದ ಧೈರ್ಯ ತಂದುಕೊಂಡ ಹುಡುಗರನ್ನು ಕಂಡಿದ್ದೇನೆ. ಅವರಿಂದ ಅದನ್ನು ಕಿತ್ತುಕೊಳ್ಳಲಾರೆ. ಆದರೆ ಕಾಯಿಲೆ ಮೂಳೆಗೆ ಹರಡಿದ್ದ ಶಿಕ್ಷಕರೊಬ್ಬರು, “ಯೋಧ ಅಂದ ಮೇಲೆ ಅಳುವುದಕ್ಕೂ ನಾಚಿಕೆಯಾಗುತ್ತದೆ” ಎಂದಿದ್ದರು.

ಊರಿನ ಹೆಸರುಗಳು ಇದಕ್ಕಿಂತ ಕಠಿಣ. ಕ್ಯಾನ್ಸರ್ ಎನ್ನಲು ಅಂಜಿ ‘ದೊಡ್ಡ ಬ್ಯಾನಿ’ ಎನ್ನುತ್ತಾರೆ, ಬ್ಯಾನಿಯವರ ತಟ್ಟೆ ಲೋಟ ಬೇರೆ ಇಡುತ್ತಾರೆ. ಕ್ಯಾನ್ಸರ್ ಅಂಟುರೋಗವಲ್ಲ ಎಂದು ಎಷ್ಟು ಸಲ ಹೇಳಿದರೂ ಸಾಲದು. ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿದ ಒಬ್ಬರಿಗೆ ಬಾಯಿ ಕ್ಯಾನ್ಸರ್. ಬಾಯಿ ತೆರೆಯಲಾಗದೆ ಗಂಜಿ ಕುಡಿಯುತ್ತಿದ್ದ ಅವರನ್ನು ಸ್ವಂತ ಅಳಿಯನೇ ‘ಗುಟ್ಕಾದವರು’ ಎನ್ನುತ್ತಿದ್ದ. ಕಾರಣ ತಂಬಾಕೇ ಇರಲಿ, ಅದು ಕೇಸ್ ಪೇಪರಿನಲ್ಲಿರಲಿ. ಆ ಮಾತು ಕೇಳಿದಾಗಲೆಲ್ಲ ಅವರು ಟವೆಲಿನಿಂದ ಬಾಯಿ ಮುಚ್ಚಿಕೊಳ್ಳುವುದನ್ನು ನೋಡಲಾಗುತ್ತಿರಲಿಲ್ಲ.

ಈಗ ನಾನು ಮೊದಲ ಭೇಟಿಯಲ್ಲೇ ಕೇಳುತ್ತೇನೆ: ನಿಮ್ಮನ್ನು ಏನೆಂದು ಕರೆಯಲಿ? ಹಲವರಿಗೆ ‘ಪೇಷಂಟ್’ ಸಾಕು. ಕೆಲವರಿಗೆ ಹೆಸರೇ ಬೇಕು. ಆಳಂದದ ಆ ಮಹಿಳೆ, “ಬ್ಲೌಸ್ ಹೊಲಿಯುವವಳು ಅನ್ನಿ” ಎಂದರು. ಕಂಕುಳಿನ ಗ್ರಂಥಿ ತೆಗೆದ ಮೇಲೆ ಅವರ ಎಡಗೈ ಆಗಾಗ ಊದಿಕೊಳ್ಳುತ್ತದೆ. ಅವರು ಬಂದಾಗ ಮೊದಲು ಹೊಲಿಗೆಯ ಬಗ್ಗೆ ವಿಚಾರಿಸುತ್ತೇನೆ. ಈ ವಾರ ಎಷ್ಟು ಬ್ಲೌಸ್ ಆಯಿತು ಎಂಬ ಉತ್ತರದಲ್ಲೇ ಕೈಯ ಸುದ್ದಿಯೂ ಸಿಗುತ್ತದೆ.