ಗಾಳಿ ಇಲ್ಲದ ಪೇಟಿ: ಕೀಬೋರ್ಡಿನ ಸದ್ದು ತಿದ್ದುವವರಿಗೆ ಒಂದಿಷ್ಟು ಟಿಪ್ಪಣಿ

ಕಲಬುರಗಿಯ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ನಾನು ಕೀಬೋರ್ಡ್ ನುಡಿಸುತ್ತೇನೆ. ಶ್ರಾವಣದ ಒಂದು ಸೋಮವಾರ ಮಂಡಳಿಯ ಪೇಟಿ ಕೈಕೊಟ್ಟಿತು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಲೇ ಹೆಸರು. ನನ್ನ ಕೀಬೋರ್ಡಿನಲ್ಲಿ ಹಾರ್ಮೋನಿಯಂ ಅಂತ ಬರೆದಿದ್ದ ಸದ್ದು ಹಾಕಿ ತತ್ವಪದಕ್ಕೆ ಸಾಥ್ ಕೊಟ್ಟೆ. ಎರಡು ಪದ ಮುಗಿಯುವಷ್ಟರಲ್ಲಿ ಹಾಡುವ ಕಾಕಾ ತಾಳ ಕೆಳಗಿಟ್ಟರು. "ತಮ್ಮಾ, ಸ್ವರ ಎಲ್ಲಾ ಬರಾಬರಿ ಅವ. ಖರೆ ಇದ್ರಾಗ ಗಾಳಿನೇ ಇಲ್ಲ ನೋಡು" ಅಂದರು.

ಆ ಕೀಬೋರ್ಡ್ ತಂದು ಎರಡು ವರ್ಷವಾಗಿತ್ತು. ಎಡಿಟ್ ಅನ್ನುವ ಗುಂಡಿಯನ್ನು ನಾನು ಒಂದು ಸಲವೂ ಒತ್ತಿರಲಿಲ್ಲ. ಆ ರಾತ್ರಿ ಒತ್ತಿದೆ. ಆಮೇಲೆ ಕಲಿತದ್ದನ್ನೆಲ್ಲ ನನ್ನಂತೆ ಕಲಿಯುತ್ತಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಉದಾಹರಣೆಗೆ ಪೇಟಿಯನ್ನೇ ಇಟ್ಟುಕೊಳ್ಳೋಣ. ಸಿಂಥ್, ಅಂದರೆ ಸದ್ದನ್ನು ಹುಟ್ಟಿಸಿ ತಿದ್ದಲು ಬರುವ ಕೀಬೋರ್ಡ್ ಕಲಿಸುವವರು ಸಾಮಾನ್ಯವಾಗಿ ಆಕಾಶದಲ್ಲಿ ತೇಲುವಂಥ ಸದ್ದಿನಿಂದ ಶುರು ಮಾಡುತ್ತಾರೆ. ಅಂಥ ಸದ್ದು ಹೇಗೆ ಬಂದರೂ ಚೆಂದವೇ. ತಪ್ಪಾಗಿದೆ ಅಂತ ಗೊತ್ತಾಗುವುದೇ ಇಲ್ಲ. ಪೇಟಿ ಹಾಗಲ್ಲ, ತಪ್ಪಿದರೆ ಓಣಿಯ ಮಕ್ಕಳೂ ಹೇಳುತ್ತಾರೆ.

ಮೊದಲು ಹೆಸರುಗಳ ಗೊಂದಲ ಮುಗಿಸಿಬಿಡುತ್ತೇನೆ. ಒಂದು ಸದ್ದಿಗೆ ಯಮಾಹಾದವರು ವಾಯ್ಸ್ ಅಂತಾರೆ, ಕೋರ್ಗ್‌ನವರು ಪ್ರೋಗ್ರಾಂ ಅಂತಾರೆ, ರೋಲ್ಯಾಂಡ್‌ನವರು ಪ್ಯಾಚ್ ಅಂತಾರೆ, ಕೆಲವು ಮಾದರಿಗಳಲ್ಲಿ ಟೋನ್ ಅಂತಾರೆ. ಎಲ್ಲ ಒಂದೇ. ನಿಮ್ಮ ಕೀಬೋರ್ಡಿನಲ್ಲಿ ಕಟಾಫ್, ಅಟ್ಯಾಕ್, ರಿಲೀಸ್ ಅನ್ನುವ ಮಾತು ಕಾಣಿಸಿದರೆ ಈ ಟಿಪ್ಪಣಿ ಕೆಲಸಕ್ಕೆ ಬರುತ್ತದೆ. ಬರೀ ಸದ್ದು ಆರಿಸಲು ಮಾತ್ರ ಬಿಡುವ ಚಿಕ್ಕ ಕೀಬೋರ್ಡ್ ಇದ್ದರೆ ಕೊನೆಯ ಭಾಗವನ್ನಾದರೂ ಓದಿ, ಕಿವಿಗೆ ಉಪಯೋಗ.

ಇನ್ನೊಂದು ಮಾತು. ಬಹಳಷ್ಟು ಅಂಕಿಗಳು 0ಯಿಂದ 127ರವರೆಗೆ ಯಾಕೆ ಇರುತ್ತವೆ ಅಂತ ನನಗೆ ತುಂಬಾ ದಿನ ತಲೆ ಕೆಟ್ಟಿತ್ತು. ಸಂಗೀತ ಯಂತ್ರಗಳು ಒಂದಕ್ಕೊಂದು ಸಂದೇಶ ಕಳಿಸಲು 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಒಂದು ಬೆಲೆಗೆ 7 ಬಿಟ್ ಜಾಗ, ಒಂದೊಂದು ಬಿಟ್‌ನಲ್ಲಿ 0 ಅಥವಾ 1. ಎರಡನ್ನು ಏಳು ಸಲ ಗುಣಿಸಿದರೆ 128. ಸೊನ್ನೆಯಿಂದ ಎಣಿಸಿದರೆ ಕೊನೆಯದು 127. ಅಷ್ಟೇ ವಿಷಯ.

ತಿದ್ದುವ ಮೊದಲು

ರಿವರ್ಬ್ (ದೊಡ್ಡ ಕೋಣೆಯ ಅನುರಣನ) ಮತ್ತು ಕೋರಸ್ (ಒಂದೇ ಸದ್ದು ಹಲವಾರು ಕೂಡಿ ನುಡಿದಂತೆ ದಪ್ಪ ಮಾಡುವುದು) ಎರಡನ್ನೂ ಸೊನ್ನೆ ಮಾಡಿ. ಕಂಪನಿಯ ಸದ್ದುಗಳ ಮೇಲೆ ಇವನ್ನು ಧಾರಾಳವಾಗಿ ಸುರಿದಿರುತ್ತಾರೆ, ಅಂಗಡಿಯಲ್ಲಿ ಕೇಳಿದವರು ಮರುಳಾಗಲಿ ಅಂತ. ಪೌಡರ್ ಒರೆಸದೆ ಮುಖ ಹೇಗಿದೆ ಅಂತ ತಿಳಿಯುವುದಿಲ್ಲ, ಅಲ್ವಾ? ನಾನು ಒರೆಸಿ ನೋಡಿದಾಗ ನನ್ನ ಹಾರ್ಮೋನಿಯಂ ಸದ್ದು ಸಣ್ಣ ಪೀಪಿಯಂತಿತ್ತು. ಬೇಜಾರಾಯಿತು. ಆದರೆ ಕಾಕಾ ಕೇಳಿದ್ದು ಅದನ್ನೇ.

ಯಾಕೆ ಹಾಗಿತ್ತು? ಈಗಿನ ಬಹಳಷ್ಟು ಕೀಬೋರ್ಡುಗಳಲ್ಲಿ ಇರುವುದು ಮೊದಲೇ ಮುದ್ರಿಸಿಟ್ಟ ಸದ್ದಿನ ತುಣುಕುಗಳು. ಮೆಮೊರಿ ಉಳಿಸಲು ತುಣುಕನ್ನು ಚಿಕ್ಕದು ಮಾಡಿ, ಕೀಲಿ ಒತ್ತಿರುವಷ್ಟು ಹೊತ್ತೂ ಅದರ ಒಂದು ಭಾಗವನ್ನೇ ಸುತ್ತಿ ಸುತ್ತಿ ನುಡಿಸುತ್ತಾರೆ. ಇದಕ್ಕೆ ಲೂಪ್ ಅಂತ ಹೆಸರು. ಪೇಟಿಯ ತಿದಿ ಉಬ್ಬುತ್ತದೆ, ಕುಗ್ಗುತ್ತದೆ. ಲೂಪ್‌ಗೆ ಉಬ್ಬೂ ಇಲ್ಲ, ತಗ್ಗೂ ಇಲ್ಲ.

ಎರಡು ಸಾಲು ರೀಡು

ಡಬಲ್ ರೀಡಿನ ಪೇಟಿಯಲ್ಲಿ ಒಂದು ಕೀಲಿಗೆ ಎರಡು ಹಿತ್ತಾಳೆ ರೀಡು ನುಡಿಯುತ್ತವೆ. ಒಂದು ಬಾಸ್, ಅಂದರೆ ದಪ್ಪ ಸ್ವರದ್ದು. ಇನ್ನೊಂದಕ್ಕೆ ಮೇಲ್ (male) ಅಂತ ಹೆಸರು, ಅದಕ್ಕಿಂತ ಮೇಲಿನ ಸ್ವರದ್ದು. ಎರಡರ ನಡುವೆ ಒಂದು ಸಪ್ತಕದ ಅಂತರ. ಹಾಗಾಗಿ ನಮ್ಮ ಸದ್ದಿಗೂ ಎರಡು ಪದರ ಬೇಕು. ಮೊದಲ ಪದರದಲ್ಲಿ ಕಂಪನಿಯ ಹಾರ್ಮೋನಿಯಂ ತುಣುಕನ್ನೇ ಬಿಟ್ಟೆ. ಎರಡನೆಯದಕ್ಕೆ ಗರಗಸದ ಅಲೆ, ಅಂದರೆ ಸಾ ವೇವ್ ಹಾಕಿ, ಒಂದು ಸಪ್ತಕ ಕೆಳಗಿಳಿಸಿ, ಸದ್ದನ್ನು ಅರ್ಧಕ್ಕೆ ತಂದೆ.

ಸಾ ವೇವೇ ಯಾಕೆ? ಅದರಲ್ಲಿ ಮೂಲ ಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಹೀಗೆ ಎಲ್ಲ ಮೇಲಿನ ನಾದಗಳೂ ಇರುತ್ತವೆ. ಸ್ಕ್ವೇರ್ ವೇವ್‌ನಲ್ಲಿ ಬೆಸ ಸಂಖ್ಯೆಯವು ಮಾತ್ರ ಇರುವುದರಿಂದ ಅದು ಟೊಳ್ಳಾಗಿ ಕೇಳುತ್ತದೆ. ರೀಡಿನ ಆ ಕರಕರ ಗುಣಕ್ಕೆ ಎಲ್ಲ ನಾದಗಳೂ ಬೇಕು.

ಇನ್ನು ಡಿಟ್ಯೂನ್. ಎರಡು ಪದರ ಕೂದಲೆಳೆಯೂ ತಪ್ಪದೆ ಕೂಡಿದ್ದರೆ ಸದ್ದು ಸತ್ತಂತಿರುತ್ತದೆ. ಒಂದನ್ನು ತುಸು ಸರಿಸಬೇಕು. ಅಳತೆ ಸೆಂಟ್‌ನಲ್ಲಿ. ಪಕ್ಕದ ಎರಡು ಕೀಲಿಗಳ ನಡುವೆ 100 ಸೆಂಟ್. 440 ಹರ್ಟ್ಸ್, ಅಂದರೆ ಸೆಕೆಂಡಿಗೆ 440 ಸಲ ಕಂಪಿಸುವ ಸ್ವರದ ಬಳಿ 1 ಸೆಂಟ್ ಅಂದರೆ ಸುಮಾರು ಕಾಲು ಹರ್ಟ್ಸ್. 4 ಸೆಂಟ್ ಸರಿಸಿದರೆ ಅಲ್ಲಿ ಸೆಕೆಂಡಿಗೆ ಒಂದು ಸಲ ಸದ್ದು ಮೆಲ್ಲಗೆ ಏರಿಳಿಯುತ್ತದೆ. ನಾನು ಉತ್ಸಾಹದಲ್ಲಿ 20 ಸೆಂಟ್ ಸರಿಸಿದ್ದೆ. ಜಾತ್ರೆಯಲ್ಲಿ ಮಳೆಗೆ ನೆನೆದ ಪೇಟಿಯಂತೆ ಕೇಳಿತು. 4ರಿಂದ 6 ಸಾಕು.

ಪದರ ಸಿಕ್ಕಿತೆಂದು ಸುಮ್ನೆ ಸೇರಿಸುತ್ತಾ ಹೋಗಬೇಡಿ. 64 ಸ್ವರ ನುಡಿಸಬಲ್ಲ ಯಂತ್ರದಲ್ಲಿ ನಾಲ್ಕು ಪದರದ ಸದ್ದು ಹಾಕಿದರೆ ಉಳಿಯುವುದು 16 ಸ್ವರ.

ಜರಡಿ

ಫಿಲ್ಟರ್ ಅಂದರೆ ಜೋಳದ ಹಿಟ್ಟಿನ ಜರಡಿ ಅಂತ ತಿಳಿದುಕೊಳ್ಳಿ. ಲೋ ಪಾಸ್ ಫಿಲ್ಟರ್ ದಪ್ಪ ನಾದವನ್ನು ಬಿಟ್ಟು ಚೂಪು ನಾದವನ್ನು ತಡೆಯುತ್ತದೆ. ಎಲ್ಲಿಂದ ತಡೆಯಬೇಕು ಅನ್ನುವುದು ಕಟಾಫ್. ಆ ಗಡಿಯಲ್ಲಿ ಎಷ್ಟು ಸಿಳ್ಳೆ ಬರಲಿ ಅನ್ನುವುದು ರೆಸೊನೆನ್ಸ್. ಪೇಟಿಗೆ ರೆಸೊನೆನ್ಸ್ ಹೆಚ್ಚುಕಡಿಮೆ ಸೊನ್ನೆಯೇ ಇರಲಿ.

ಇಲ್ಲಿ ನಾನು ಎಡವಿದ್ದು ಕೀ ಫಾಲೋ ವಿಷಯದಲ್ಲಿ. ಮಧ್ಯದ ಸಪ್ತಕದಲ್ಲಿ ಕಟಾಫ್ ಚೆನ್ನಾಗಿ ಹೊಂದಿಸಿದ್ದೆ. ತಾರಕ್ಕೆ ಹೋದರೆ ಮೂಗು ಕಟ್ಟಿದ ಹಾಗೆ ಸದ್ದು. ಕಾರಣ ಲೆಕ್ಕ ಹಾಕಿದರೆ ಸುಲಭ. ಕಟಾಫ್ 1000 ಹರ್ಟ್ಸ್‌ನಲ್ಲಿ ನಿಂತಿದೆ ಅಂದುಕೊಳ್ಳಿ. 130 ಹರ್ಟ್ಸ್‌ನ ಮಂದ್ರ ಸ್ವರಕ್ಕೆ ಏಳು ನಾದಗಳು ಅದರೊಳಗೆ ಬರುತ್ತವೆ. 523 ಹರ್ಟ್ಸ್‌ನ ತಾರ ಸ್ವರಕ್ಕೆ ಮೂಲ ನಾದ ಒಂದೇ. ಕೀ ಫಾಲೋ ಹೆಚ್ಚಿಸಿದರೆ ನಾವು ಮೇಲೆ ಹೋದಂತೆ ಕಟಾಫ್ ಕೂಡ ನಮ್ಮ ಹಿಂದೆ ಬರುತ್ತದೆ.

ನಾಲ್ಕು ಅಕ್ಷರ, ಒಂದು ಮೋಸ

ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್. ಸದ್ದು ಏರಲು ಹಿಡಿಯುವ ಹೊತ್ತು, ಏರಿದ ಮೇಲೆ ಇಳಿಯುವ ಹೊತ್ತು, ಇಳಿದು ನಿಲ್ಲುವ ಮಟ್ಟ, ಕೈ ತೆಗೆದ ಮೇಲೆ ಆರುವ ಹೊತ್ತು. ಗಮನಿಸಿದಿರಾ? ಮೂರು ಹೊತ್ತಿನ ಲೆಕ್ಕ, ಒಂದು ಮಾತ್ರ ಮಟ್ಟದ ಲೆಕ್ಕ. ಸದ್ದು ಜಾಸ್ತಿ ಹೊತ್ತು ಉಳಿಯಲಿ ಅಂತ ನಾನು ವಾರಗಟ್ಟಲೆ ಸಸ್ಟೇನ್ ಏರಿಸುತ್ತಿದ್ದೆ. ನಾನು ಮುಟ್ಟಬೇಕಿದ್ದದ್ದು ರಿಲೀಸ್.

ಪೇಟಿಗೆ ಸಸ್ಟೇನ್ ಪೂರ್ತಿ 127. ಗಾಳಿ ಇರುವಷ್ಟು ಹೊತ್ತು ಸದ್ದು ಇರಬೇಕು ತಾನೇ. ಸಸ್ಟೇನ್ ಪೂರ್ತಿ ಇದ್ದರೆ ಡಿಕೇ ಎಷ್ಟಿದ್ದರೂ ಒಂದೇ, ಇಳಿಯಲು ಜಾಗವೇ ಇಲ್ಲ. ಅಟ್ಯಾಕ್ ಸೊನ್ನೆ ಮಾಡಬೇಡಿ. ರೀಡು ಗಾಳಿ ಹಿಡಿದು ನಡುಗಲು ಒಂದು ಚೂರು ಹೊತ್ತು ಬೇಕು. ಮಂದ್ರದ ರೀಡು ಉದ್ದ, ಅದು ಇನ್ನೂ ತಡವಾಗಿ ಬಾಯಿಬಿಡುತ್ತದೆ. ಅಟ್ಯಾಕ್‌ಗೂ ಕೀ ಫಾಲೋ ಕೊಡಲು ಬಂದರೆ ಕೆಳಗಿನ ಸ್ವರಗಳನ್ನು ಇನ್ನಷ್ಟು ನಿಧಾನ ಮಾಡಿ. ರಿಲೀಸ್ ಕಡಿಮೆ ಇರಲಿ, ಆದರೆ ಪೂರ್ತಿ ಸೊನ್ನೆಗೆ ತಂದರೆ ಟಕ್ ಅಂತ ಕತ್ತರಿಸಿದ ಸದ್ದು ಬರಬಹುದು.

ಆಮೇಲೆ ವೆಲಾಸಿಟಿ, ಅಂದರೆ ಕೀಲಿ ಒತ್ತುವ ರಭಸ. ಪಿಯಾನೋದಲ್ಲಿ ಜೋರಾಗಿ ಒತ್ತಿದರೆ ಜೋರು ಸದ್ದು. ಪೇಟಿಯ ಕೀಲಿಯನ್ನು ಗುದ್ದಿದರೂ, ಸವರಿದರೂ ಸದ್ದು ಒಂದೇ, ಜೋರು ಮಾಡುವುದು ಎಡಗೈ. ವೆಲಾಸಿಟಿಯ ಪ್ರಭಾವವನ್ನು ಸೊನ್ನೆ ಮಾಡಿ. ನನ್ನ ಸದ್ದು ಅರ್ಧ ಪೇಟಿ ಆದದ್ದು ಈ ಒಂದು ಬದಲಾವಣೆಯಿಂದ.

ಗಾಳಿ

ಉಳಿದ ಅರ್ಧಕ್ಕೆ ಎಲ್‌ಎಫ್‌ಓ ಹಿಡಿದೆ. ಕಿವಿಗೆ ಸ್ವರವಾಗಿ ಕೇಳಿಸದಷ್ಟು ನಿಧಾನದ ಅಲೆ ಅದು. ಸ್ವರದ ಮೇಲೆ ಹಾಕಿದರೆ ಕಂಪನ, ಸದ್ದಿನ ಮೇಲೆ ಹಾಕಿದರೆ ಏರಿಳಿತ. ತಿದಿಯ ಲಯಕ್ಕೆ ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ವೇಗ ಇಟ್ಟು, ಸದ್ದಿನ ಮೇಲೆ ತುಸುವೇ ಹಾಕಿದೆ. ಒಂದು ಸ್ವರ ಹಿಡಿದರೆ ಚೆಂದ. ಮೂರು ಸ್ವರ ಒಂದರ ಹಿಂದೆ ಒಂದು ಹಿಡಿದರೆ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಮೂರು ಪೇಟಿ, ಮೂರು ತಿದಿ!

ಕೀ ಸಿಂಕ್ ಅನ್ನುವುದು ಆನ್ ಇದ್ದರೆ ಹೀಗಾಗುತ್ತದೆ. ಪ್ರತಿ ಕೀಲಿ ಒತ್ತಿದಾಗಲೂ ಆ ಸ್ವರದ ಅಲೆ ಹೊಸದಾಗಿ ಶುರು. ನಿಜವಾದ ಪೇಟಿಯಲ್ಲಿ ಎಲ್ಲ ರೀಡಿಗೂ ತಿದಿ ಒಂದೇ. ಕೀ ಸಿಂಕ್ ಆಫ್ ಮಾಡಿದೆ, ಸ್ವಲ್ಪ ಸುಧಾರಿಸಿತು. ಆದರೂ ಯಂತ್ರದ ಉಸಿರು ಯಂತ್ರದ್ದೇ. ಹಾಡುವವರು ಸಾಲಿನ ಕೊನೆಯಲ್ಲಿ ಧ್ವನಿ ಇಳಿಸುತ್ತಾರೆ ಅಂತ ಅದಕ್ಕೇನು ಗೊತ್ತು?

ಕೊನೆಗೆ ಎಲ್‌ಎಫ್‌ಓ ತೆಗೆದುಹಾಕಿ ಕಾಲಿಗೆ ಎಕ್ಸ್‌ಪ್ರೆಶನ್ ಪೆಡಲ್, ಅಂದರೆ ಒತ್ತಿದಷ್ಟೂ ಸದ್ದು ಏರಿಸುವ ಪೆಡಲ್ ಕೊಟ್ಟೆ. ಮಿಡಿಯಲ್ಲಿ ಇದು 11ನೇ ಕಂಟ್ರೋಲರ್. ಸದ್ದಿನ ಜೊತೆಗೆ ಕಟಾಫ್‌ಗೂ ಅದನ್ನು ಸ್ವಲ್ಪ ಜೋಡಿಸಿದೆ, ಯಾಕೆಂದರೆ ಗಾಳಿ ಹೆಚ್ಚಿದಾಗ ರೀಡು ಬರೀ ಜೋರಾಗುವುದಿಲ್ಲ, ಚೂಪೂ ಆಗುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬೆಲೆಬಾಳುವ ಭಾಗ ಇದೇ. ಎಡಗೈ ಮಾಡುತ್ತಿದ್ದ ಕೆಲಸ ಪಾದಕ್ಕೆ ಬಂತು. ಕಲಿಯಲು ತಿಂಗಳು ಹಿಡಿಯಿತು.

ಇಷ್ಟೆಲ್ಲ ಮಾಡಿ ಮುಗಿಸಿದ ಮೊದಲ ಸಂಜೆ ಕರೆಂಟ್ ಹೋಯಿತು. ಮೂರು ತಾಸಿನ ಕೆಲಸ ಗಾಳಿಗೆ! ತಿದ್ದುವಾಗ ಬದಲಾವಣೆಗಳೆಲ್ಲ ತಾತ್ಕಾಲಿಕ ಮೆಮೊರಿಯಲ್ಲಿ ಇರುತ್ತವೆ. ರೈಟ್ ಅಥವಾ ಸ್ಟೋರ್ ಒತ್ತಿ, ಯೂಸರ್ ಜಾಗ ಆರಿಸಿ, ಹೆಸರು ಕೊಟ್ಟರೆ ಮಾತ್ರ ಉಳಿಯುತ್ತವೆ. ಎಷ್ಟೋ ಯಂತ್ರಗಳಲ್ಲಿ ಬೇರೆ ಸದ್ದು ಆರಿಸಿದರೂ ತಿದ್ದಿದ್ದು ಹೋಗುತ್ತದೆ. ಈಗ ನಾನು ಪ್ರತಿ ಹತ್ತು ನಿಮಿಷಕ್ಕೆ ರೈಟ್ ಒತ್ತುತ್ತೇನೆ. ಅಂಕಿಗಳನ್ನು ಎರಡು ರೂಪಾಯಿ ಪೆನ್ನಿನಲ್ಲಿ ನೋಟ್‌ಬುಕ್ಕಿಗೂ ಇಳಿಸುತ್ತೇನೆ.

ಬೀದರಿನ ಗೆಳೆಯನ ಪ್ರಶ್ನೆ

ಬೀದರಿನ ಗೆಳೆಯನೊಬ್ಬನ ಹತ್ತಿರ ಎಫ್‌ಎಂ ಸಿಂಥ್ ಇದೆ. "ನನ್ನದರಲ್ಲಿ ಜರಡಿಯೇ ಇಲ್ಲವಲ್ಲ" ಅಂದ. ಹೌದು, 1983ರ ಯಮಾಹಾ ಡಿಎಕ್ಸ್7ನಲ್ಲೂ ಫಿಲ್ಟರ್ ಇರಲಿಲ್ಲ. ಆರು ಆಪರೇಟರ್ (ಅಲೆ ಹುಟ್ಟಿಸುವ ಘಟಕ), ಅವನ್ನು ಜೋಡಿಸುವ 32 ವಿಧಾನ, ಅಷ್ಟೇ. 1967ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಸ್ವರದ ಕಂಪನವನ್ನು ವಿಪರೀತ ವೇಗಕ್ಕೆ ಏರಿಸಿ ನೋಡಿದರು. ಕಂಪನ ಕೇಳುವುದು ನಿಂತು ಹೊಸ ನಾದವೇ ಹುಟ್ಟಿತು. ಎಫ್‌ಎಂ ಅಂದರೆ ಅದೇ. ಒಂದು ಅಲೆ ಇನ್ನೊಂದನ್ನು ನಡುಗಿಸುತ್ತದೆ. ನಡುಗಿಸುವ ಅಲೆಯ ಮಟ್ಟ ಏರಿಸಿದರೆ ಸದ್ದು ಚೂಪು, ಇಳಿಸಿದರೆ ಮೃದು. ಜರಡಿಯ ಕೆಲಸ ಅಲ್ಲಿ ಹೀಗೆ ನಡೆಯುತ್ತದೆ. ಎರಡು ಅಲೆಗಳ ವೇಗದ ಅನುಪಾತ 1ಕ್ಕೆ 1, 1ಕ್ಕೆ 2 ಇದ್ದರೆ ಸ್ವರ ಶುದ್ಧ. 1ಕ್ಕೆ 1.4 ಇಟ್ಟು, ಸದ್ದು ನಿಧಾನವಾಗಿ ಆರುವಂತೆ ಮಾಡಿದರೆ ಗುಡಿಯ ಗಂಟೆ. ಅವನು ಪೇಟಿಯನ್ನು ಬಿಟ್ಟು ಗಂಟೆ ಮಾಡುತ್ತಾ ಕೂತಿದ್ದಾನೆ.

ಗಾಂಧಾರ

ಪೆಡಲ್ ಹಿಡಿತಕ್ಕೆ ಬಂದ ಮೇಲೆ ಮತ್ತೆ ಕಾಕಾ ಅವರ ಜೊತೆ ಕೂತೆ. ಒಂದು ಪದ ಹಾಡಿದರು. "ಈಗ ಉಸಿರು ಬಂತು. ಖರೆ ಗಾಂಧಾರ ಯಾಕೋ ಚುಚ್ಚಲತದ."

ನನಗೆ ಕೇಳಿಸಿರಲಿಲ್ಲ. ಮನೆಗೆ ಬಂದು ಸಾ ಮತ್ತು ಗಾ ಒಟ್ಟಿಗೆ ಹಿಡಿದೆ. ಕೀಬೋರ್ಡ್ ಸಪ್ತಕವನ್ನು 12 ಸಮ ಭಾಗ ಮಾಡುತ್ತದೆ. ಅದರಲ್ಲಿ ಶುದ್ಧ ಗಾಂಧಾರ ಸಾದಿಂದ 400 ಸೆಂಟ್ ದೂರ. ತಂಬೂರಿಯ ಜೊತೆ ಸೇರಿಕೊಳ್ಳುವ ಗಾಂಧಾರ ಸುಮಾರು 386. ಅಂದರೆ 14 ಸೆಂಟ್ ಮೇಲೆ. ಮಧ್ಯದ ಬಿಳಿ ಒಂದರಿಂದ (ಇಂಗ್ಲಿಷಿನ ಸಿ ಸ್ವರದಿಂದ) ಸಾ ಹಿಡಿದರೆ ಆ ವ್ಯತ್ಯಾಸ ಸೆಕೆಂಡಿಗೆ ಸುಮಾರು ಹತ್ತು ಸಲ ಗುರುಗುಟ್ಟುತ್ತದೆ. ಪಂಚಮದ ತಪ್ಪು ಬರೀ 2 ಸೆಂಟ್, ಸೆಕೆಂಡಿಗೆ ಒಂದು ಸಲ, ಹಾಗಾಗಿ ಅದು ಯಾರಿಗೂ ಚುಚ್ಚುವುದಿಲ್ಲ. ಕಾಕಾ ಅವರ ಹಳೆಯ ಪೇಟಿಯ ರೀಡುಗಳನ್ನು ಯಾರೋ ಕಿವಿಯಿಂದಲೇ ಕೆರೆದು ಕೂಡಿಸಿದ್ದರು. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ.

ನಮಗೆ ಕೆರೆಯುವ ಕಷ್ಟ ಇಲ್ಲ. ಸ್ಕೇಲ್ ಟ್ಯೂನ್ ಅನ್ನುವ ಪುಟ ಇದ್ದರೆ ಹನ್ನೆರಡು ಸ್ವರಕ್ಕೂ ಬೇರೆ ಬೇರೆ ಸೆಂಟ್ ಕೊಡಬಹುದು. ನಾನು ಶುದ್ಧ ರಿಷಭಕ್ಕೆ 4 ಏರಿಸಿ, ಗಾಂಧಾರಕ್ಕೆ 14 ಇಳಿಸಿ, ಮಧ್ಯಮಕ್ಕೆ 2 ಇಳಿಸಿ, ಪಂಚಮಕ್ಕೆ 2 ಏರಿಸಿ, ಧೈವತಕ್ಕೆ 16, ನಿಷಾದಕ್ಕೆ 12 ಇಳಿಸಿದೆ. ಕೋಮಲ ಗಾಂಧಾರಕ್ಕೆ 16 ಏರಿಸಿದೆ. ಉಳಿದ ಕೋಮಲ ಸ್ವರಗಳನ್ನು ಹಾಡುವವರ ಜೊತೆ ಕೂತು ಹೊಂದಿಸುವುದೇ ಸರಿ ಅನ್ನಿಸುತ್ತದೆ.

ಒಂದು ಎಚ್ಚರಿಕೆ. ಈ ಲೆಕ್ಕ ಸಾ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಕಾಕಾ ಕರಿ ಒಂದರಲ್ಲಿ ಹಾಡುತ್ತಾರೆ, ಅಕ್ಕಂದಿರು ಬಿಳಿ ಆರರಲ್ಲಿ. ಸಾ ಬದಲಾದರೆ ಪಟ್ಟಿಯನ್ನೂ ಹೊಸ ಸಾದಿಂದ ಎಣಿಸಬೇಕು. ಬೆರಳು ಬಿಳಿ ಒಂದರಲ್ಲೇ ಇಟ್ಟು ಟ್ರಾನ್ಸ್‌ಪೋಸ್ ಗುಂಡಿಯಿಂದ ಶ್ರುತಿ ಬದಲಿಸುವುದು ಸುಲಭದ ದಾರಿ, ಆದರೆ ಟ್ರಾನ್ಸ್‌ಪೋಸ್ ಮಾಡಿದಾಗ ಸ್ಕೇಲ್ ಟ್ಯೂನ್ ಜೊತೆಗೆ ಬರುತ್ತದೋ, ಹಿಂದೆಯೇ ಉಳಿಯುತ್ತದೋ ಅನ್ನುವುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಪುಸ್ತಕ ಹುಡುಕುವುದಕ್ಕಿಂತ ಸಾ, ಗಾ ಎರಡನ್ನೂ ಒತ್ತಿ ಹಿಡಿದು ಐದು ಎಣಿಸಿ. ಗುರುಗುಟ್ಟದೆ ನಿಂತರೆ ಬಂದಿದೆ ಅಂತ ಅರ್ಥ.